ಓಡಿ ಹೋಗುವವನು ಬೇರೆ, ಬಾರದವನು ಬೇರೆ

(ಕಾನೂನು ಓದುವ ವಿದ್ಯಾರ್ಥಿಗಳ ಮುಂದೆ ಜಾಮೀನಿನ ಬಗ್ಗೆ ಆಡಿದ ಮಾತಿನ ಬರಹ ರೂಪ ಇದು. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಒಂದು ಪ್ರಶ್ನೆಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಆಗ ನಾನು ವಕೀಲಿಕೆಗೆ ಹೊಸಬ. ನನ್ನ ಕಕ್ಷಿದಾರನೊಬ್ಬ ಲಾರಿ ಡ್ರೈವರ್. ಜಾಮೀನಿನ ಮೇಲೆ ಹೊರಗಿದ್ದ. ಒಂದೂ ಡೇಟ್ ತಪ್ಪಿಸಿದವನಲ್ಲ. ಆವತ್ತು ಅವನ ಹೆಸರು ಕೂಗಿದರು. ಮೂರು ಸಲ ಕೂಗಿದರು. ಆಸಾಮಿ ಇಲ್ಲ. ನಾನು ಎದ್ದು ನಿಂತು ಏನೋ ತೊದಲಿದೆ. ನ್ಯಾಯಾಧೀಶರು ಕಡತದಿಂದ ತಲೆ ಎತ್ತಲಿಲ್ಲ. 'ಆರೋಪಿ ಗೈರು. ಜಾಮೀನುರಹಿತ ವಾರಂಟ್' ಅಂದರು. ಒಂದು ನಿಮಿಷವೂ ಹಿಡಿಯಲಿಲ್ಲ. ಮುಂದಿನ ಕೇಸು ಕೂಗಿದರು.

ಅವನು ಎಲ್ಲಿದ್ದ ಗೊತ್ತಾ? ಅದೇ ಕಟ್ಟಡದಲ್ಲಿ, ಒಂದು ಮಹಡಿ ಮೇಲೆ. ಹಳೆಯ ಕೋರ್ಟ್ ಹಾಲ್‌ನ ಹೊರಗೆ, ಬೆಂಚಿನ ಮೇಲೆ, ಬೆಳಗ್ಗೆ ಹತ್ತು ಗಂಟೆಯಿಂದ ಕೂತಿದ್ದ. ಕೇಸು ಬೇರೆ ಕೋರ್ಟಿಗೆ ವರ್ಗ ಆಗಿತ್ತು. ಅದು ನನಗೆ ಗೊತ್ತಿತ್ತು. ಅವನಿಗೆ ಹೇಳುವುದನ್ನು ಮರೆತಿದ್ದೆ. ಮಧ್ಯಾಹ್ನ ಅರ್ಜಿ ಹಾಕಿ ವಾರಂಟ್ ರೀಕಾಲ್ ಮಾಡಿಸಿದೆ, ಅಂದರೆ ವಾಪಸ್ ತೆಗೆಸಿದೆ. ಆ ಅರ್ಜಿಯ ವಿಷಯ ಆಮೇಲೆ ಹೇಳುತ್ತೇನೆ. ಸ್ವಲ್ಪ ದಂಡ ಬಿತ್ತು, ಅವನೇ ಕಟ್ಟಿದ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಎರಡು ವರ್ಷದ ಮೇಲೆ ಇನ್ನೊಂದು ಕೇಸಿನಲ್ಲಿ ಅವನ ಜಾಮೀನು ಅರ್ಜಿ ವಿಚಾರಣೆಗೆ ಬಂತು. ಸರ್ಕಾರಿ ವಕೀಲರು ಹಳೆಯ ಆರ್ಡರ್ ಶೀಟ್ ಎತ್ತಿಕೊಂಡು ಮೂರು ಮಾತು ಹೇಳಿದರು. ಈತ ಹಿಂದೆ ಗೈರಾಗಿದ್ದ. ಈತನ ಮೇಲೆ ವಾರಂಟ್ ಆಗಿತ್ತು. ಈತ ತಲೆಮರೆಸಿಕೊಳ್ಳುವ ಸಾಧ್ಯತೆ ಇದೆ. ಮೊದಲ ಎರಡು ಮಾತು ನಿಜ. ಮೂರನೆಯದು ಎಲ್ಲಿಂದ ಬಂತು?

ಇವತ್ತಿನ ನನ್ನ ಮಾತೆಲ್ಲ ಆ ಮೂರನೆಯದರ ಬಗ್ಗೆ.

ಈಗ ಇನ್ನೊಬ್ಬರನ್ನು ನೋಡೋಣ. ಕಾರ್ಲೋಸ್ ಘೋನ್, ನಿಸಾನ್ ಕಾರು ಕಂಪನಿಯ ಅಧ್ಯಕ್ಷರಾಗಿದ್ದವರು. 2018ರ ನವೆಂಬರ್‌ನಲ್ಲಿ ಜಪಾನಿನಲ್ಲಿ ಬಂಧನ ಆಯಿತು. ಜಾಮೀನಿಗೆ ಅವರು ಇಟ್ಟ ಹಣ ಒಟ್ಟು 150 ಕೋಟಿ ಯೆನ್. ಅದರ ಮೇಲೆ ಷರತ್ತುಗಳು ಬೇರೆ. ದೇಶ ಬಿಡುವ ಹಾಗಿಲ್ಲ. ಮನೆ ಬಾಗಿಲಿಗೆ ಕ್ಯಾಮೆರಾ. 2019ರ ಡಿಸೆಂಬರ್ ಕೊನೆಯಲ್ಲಿ ಒಂದು ದಿನ ಅವರು ಮನೆಯಿಂದ ಆರಾಮಾಗಿ ನಡೆದುಕೊಂಡು ಹೊರಟರು. ರೈಲು ಹತ್ತಿ ಒಸಾಕಾಗೆ ಹೋದರು. ಅಲ್ಲಿ ಸಂಗೀತ ಕಛೇರಿಯ ಸ್ಪೀಕರ್ ಸಾಗಿಸುವಂಥ ಒಂದು ದೊಡ್ಡ ಪೆಟ್ಟಿಗೆಯೊಳಗೆ ಕೂತರು. ಉಸಿರಾಡಲು ಅದರ ತಳದಲ್ಲಿ ತೂತು ಕೊರೆದಿದ್ದರು. ಪೆಟ್ಟಿಗೆ ಖಾಸಗಿ ವಿಮಾನ ಹತ್ತಿತು. ಟರ್ಕಿ ಮೂಲಕ ಅವರು ಬೇರೂತ್ ತಲುಪಿದರು. ಮನೆ ಬಾಗಿಲ ಕ್ಯಾಮೆರಾ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಅವರು ಹೊರಗೆ ಹೋಗುವುದನ್ನು ಚಿತ್ರೀಕರಿಸಿತ್ತು. ಅಷ್ಟೇ. ಒಳಗೆ ಬಂದದ್ದು ಮಾತ್ರ ಅದರಲ್ಲಿ ಇರಲಿಲ್ಲ. 150 ಕೋಟಿ ಯೆನ್ ಸರ್ಕಾರಕ್ಕೆ ಜಪ್ತಿ ಆಯಿತು.

ನನ್ನ ಲಾರಿ ಡ್ರೈವರ್ ಮತ್ತು ಘೋನ್, ಇಬ್ಬರೂ ಕಾಗದದ ಮೇಲೆ ಒಂದೇ. 'ಜಾಮೀನಿನ ಮೇಲೆ ಬಿಟ್ಟರೂ ನ್ಯಾಯಾಲಯಕ್ಕೆ ಹಾಜರಾಗದ ಆರೋಪಿ.' ಒಬ್ಬರು ಪೆಟ್ಟಿಗೆಯಲ್ಲಿ ಕೂತು ಹೋದರು, ಇನ್ನೊಬ್ಬ ಬೆಂಚಿನ ಮೇಲೆ ಕೂತಿದ್ದ. ಒಬ್ಬರು ಓಡಿ ಹೋದರು. ಇನ್ನೊಬ್ಬ ಬರಲಿಲ್ಲ, ಅಷ್ಟೇ. ಇವೆರಡನ್ನೂ ಒಂದೇ ಮಾತಿನಲ್ಲಿ ಹೇಳುತ್ತೇವೆ ನೋಡಿ, ಜಾಮೀನಿನ ಗೊಂದಲದಲ್ಲಿ ಅರ್ಧ ಹುಟ್ಟುವುದು ಅಲ್ಲೇ.

ಕಾನೂನು ಏನು ಹೇಳುತ್ತದೆ ಅನ್ನುವುದನ್ನು ಬೇಗ ಮುಗಿಸುತ್ತೇನೆ, ಅದು ನಿಮಗೆ ಪುಸ್ತಕದಲ್ಲಿ ಸಿಗುತ್ತದೆ. ವಿಚಾರಣೆಗೆ ಮುಂಚೆ ಆರೋಪಿ ತಪ್ಪಿತಸ್ಥ ಅಲ್ಲ. ಅವನನ್ನು ಒಳಗಿಡುವುದು ಶಿಕ್ಷೆಗಾಗಿ ಅಲ್ಲ. ಹಾಗಾದರೆ ಯಾಕೆ? ಭಾರತದ ಕೋರ್ಟುಗಳಲ್ಲಿ ಮೂರು ಪ್ರಶ್ನೆ ಕೇಳುವ ರೂಢಿ ಇದೆ. ಓಡಿ ಹೋಗುತ್ತಾನಾ? ಸಾಕ್ಷ್ಯ ಕೆಡಿಸುತ್ತಾನಾ? ಸಾಕ್ಷಿಗಳನ್ನು ಹೆದರಿಸುತ್ತಾನಾ? ಅಮೆರಿಕದ ಸುಪ್ರೀಂ ಕೋರ್ಟ್ 1951ರಲ್ಲಿ ಸ್ಟ್ಯಾಕ್ ಮತ್ತು ಬಾಯ್ಲ್ ನಡುವಿನ ಕೇಸಿನಲ್ಲಿ ಒಂದು ಅಳತೆ ಕೊಟ್ಟಿತು: ಆರೋಪಿಯನ್ನು ಕೋರ್ಟಿಗೆ ಬರಿಸಲು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಹಣ ಕೇಳಿದರೆ ಅದು ಅತಿಯಾದ ಜಾಮೀನು.

ನನಗೆ ತುಂಬಾ ಇಷ್ಟವಾದದ್ದು ಇಂಗ್ಲೆಂಡಿನ 1976ರ ಜಾಮೀನು ಕಾಯ್ದೆಯ ಒಂದು ಪದ. ಆರೋಪಿ ಹಾಜರಾಗದೆ 'ಇರಬಹುದು' ಅನ್ನುವುದು ಅಲ್ಲಿ ಸಾಲುವುದಿಲ್ಲ. ಹಾಜರಾಗುವುದಿಲ್ಲ ಎಂದು ನಂಬಲು ಗಟ್ಟಿ ಕಾರಣಗಳು ಇರಬೇಕು. 'ಇರಬಹುದು' ಅನ್ನುವ ಪದ ಎಷ್ಟು ಅಗ್ಗ ಅಂತ ಯೋಚಿಸಿ. ನಾಳೆ ನೀವು ಕ್ಲಾಸಿಗೆ ಬಾರದೆ ಇರಬಹುದು. ನಾನೂ ಕೋರ್ಟಿಗೆ ಹೋಗದೆ ಇರಬಹುದು. ಭೂಮಿಯ ಮೇಲೆ ಆ ಮಾತು ಹೊಂದದ ಮನುಷ್ಯನೇ ಇಲ್ಲ. ಜಾಮೀನು ವಿರೋಧಿಸುವ ಆಕ್ಷೇಪಣೆಯಲ್ಲಿ ಈ ಪದ ಕಂಡರೆ ಅದರ ಹಿಂದಿನ ಸಾಲು ಓದಿ. ಕಾರಣ ಇದೆಯಾ, ಇಲ್ಲ ಸುಮ್ನೆ ಬರೆದಿದ್ದಾರಾ?

ಇನ್ನೊಂದು ಚಾಳಿ ಇದೆ. ಬೇರೆಯವರು ಓಡಿ ಹೋದರು, ಆದ್ದರಿಂದ ಇವನೂ ಹೋಗುತ್ತಾನೆ ಅನ್ನುವುದು. ಪಿ. ಚಿದಂಬರಂ ಅವರ ಕೇಸಿನಲ್ಲಿ ಸಿಬಿಐ ಇದೇ ಧಾಟಿಯ ವಾದ ಮಾಡಿತ್ತು. ಆರ್ಥಿಕ ಅಪರಾಧದ ಆರೋಪ ಹೊತ್ತವರು ದೇಶ ಬಿಟ್ಟು ಓಡುವುದು ಒಂದು ರಾಷ್ಟ್ರೀಯ ವಿದ್ಯಮಾನ ಅಂತ. 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಯಾರೋ ಓಡಿ ಹೋದದ್ದಕ್ಕೆ ಇವರ ಜಾಮೀನು ನಿಲ್ಲಿಸುವ ಹಾಗಿಲ್ಲ, ಎದುರಿಗಿರುವವರ ಸಂಗತಿ ಏನೋ ಅದನ್ನು ನೋಡಿ ಅಂದಿತು.

ಸರಿ, ಎದುರಿಗಿರುವವನನ್ನು ನೋಡುವುದು ಹೇಗೆ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು 60 ವರ್ಷದ ಹಿಂದಿನ ಕಾನೂನು ವಿದ್ಯಾರ್ಥಿಗಳು. ನಿಮ್ಮ ವಯಸ್ಸಿನವರೇ. 1961ರಲ್ಲಿ ನ್ಯೂಯಾರ್ಕ್‌ನಲ್ಲಿ ವೀರಾ ಫೌಂಡೇಶನ್ ಅನ್ನುವ ಸಂಸ್ಥೆ ಮ್ಯಾನ್‌ಹಟನ್ ಜಾಮೀನು ಯೋಜನೆ ಶುರು ಮಾಡಿತು. ಬಂಧನಕ್ಕೊಳಗಾದವರ ಹತ್ತಿರ ವಿದ್ಯಾರ್ಥಿಗಳು ಹೋಗಿ ಕೂತು ಮಾತಾಡಿಸುತ್ತಿದ್ದರು. ಎಷ್ಟು ದಿನದಿಂದ ಇದೇ ಮನೆಯಲ್ಲಿದ್ದೀಯ? ಯಾರ ಜೊತೆ ಇದ್ದೀಯ? ಕೆಲಸ ಏನು, ಎಷ್ಟು ವರ್ಷದಿಂದ? ಹಿಂದೆ ಕೇಸು ಇತ್ತಾ? ಅವನು ಹೇಳಿದ್ದು ನಿಜವಾ ಅಂತ ಮನೆಯವರನ್ನು, ಕೆಲಸ ಕೊಟ್ಟವರನ್ನು ವಿಚಾರಿಸುತ್ತಿದ್ದರು. ಉತ್ತರಗಳಿಗೆ ಅಂಕ. ಅಂಕ ಸಾಕಷ್ಟು ಬಂದರೆ ಹಣ ಕೇಳದೆ, ಬರೀ ಅವನ ಮಾತಿನ ಮೇಲೆ ಬಿಡಿ ಅಂತ ನ್ಯಾಯಾಧೀಶರಿಗೆ ಶಿಫಾರಸು. ಮೊದಲ ಮೂರು ವರ್ಷ ಹೀಗೆ ಬಿಟ್ಟವರಲ್ಲಿ ಬೇಕಂತಲೇ ತಪ್ಪಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. 1966ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಜಾಮೀನು ಸುಧಾರಣಾ ಕಾಯ್ದೆ ತಂದದ್ದರ ಹಿಂದೆ ಈ ಪ್ರಯೋಗ ಇದೆ.

ಆ ಪ್ರಶ್ನೆಗಳಲ್ಲಿ ಒಂದಾದರೂ 'ನಿನ್ನ ಹತ್ತಿರ ದುಡ್ಡು ಎಷ್ಟಿದೆ' ಅಂತ ಇಲ್ಲ. ಅವು ಕೇಳುವುದು, ಈ ಮನುಷ್ಯನಿಗೆ ಇಲ್ಲಿ ಬೇರು ಇದೆಯಾ ಅಂತ. ಮಗಳು ಶಾಲೆಗೆ ಹೋಗುತ್ತಿರುವವನು, ವಯಸ್ಸಾದ ತಾಯಿಯನ್ನು ನೋಡಿಕೊಳ್ಳುವವನು ಎಲ್ಲಿಗೆ ಓಡಿ ಹೋಗುತ್ತಾನೆ?

ಈ ಅಲೆ ಭಾರತಕ್ಕೂ ಬಂತು. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಆಗದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಪರವಾಗಿ ಬಂದ ಹುಸೈನಾರಾ ಖಾತೂನ್ ಪ್ರಕರಣ, 1979. ಅಪರಾಧ ಸಾಬೀತಾಗಿದ್ದರೂ ಇಷ್ಟು ದಿನ ಜೈಲು ಆಗುತ್ತಿರಲಿಲ್ಲ, ಅಷ್ಟು ದಿನ ಒಳಗಿದ್ದವರು ಅದರಲ್ಲಿದ್ದರು. ನ್ಯಾಯಮೂರ್ತಿ ಪಿ.ಎನ್. ಭಗವತಿ ತಮ್ಮ ತೀರ್ಪಿನಲ್ಲಿ ಮ್ಯಾನ್‌ಹಟನ್ ಯೋಜನೆಯ ಹೆಸರು ತೆಗೆದುಕೊಂಡೇ ಹೇಳಿದರು, ಹಣ ಕಳೆದುಕೊಳ್ಳುವ ಭಯವೊಂದೇ ಮನುಷ್ಯನನ್ನು ಕೋರ್ಟಿಗೆ ತರುವುದಿಲ್ಲ ಅಂತ. ವಾಸ, ಕೆಲಸ, ಕುಟುಂಬ, ಹಿಂದಿನ ನಡತೆ ಇವನ್ನೆಲ್ಲ ನೋಡಿ, ಬೇರು ಇದ್ದರೆ ಅವನ ಸ್ವಂತ ಮುಚ್ಚಳಿಕೆಯ ಮೇಲೆ, ಅಂದರೆ ಬರುತ್ತೇನೆ ಅಂತ ಅವನೇ ಬರೆದುಕೊಟ್ಟ ಮಾತಿನ ಮೇಲೆ, ಬಿಡಬಹುದು ಅಂದರು.

ಅದಕ್ಕೂ ಒಂದು ವರ್ಷ ಮುಂಚೆ, 1978ರಲ್ಲಿ, ಮೋತಿ ರಾಮ್ ಕೇಸು. ಮೋತಿ ರಾಮ್ ಗಾರೆ ಕೆಲಸದವನು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು ಕೇಳಿದ್ದು 10,000 ರೂಪಾಯಿಯ ಶ್ಯೂರಿಟಿ, ಅಂದರೆ ಅಷ್ಟು ಹಣಕ್ಕೆ ಹೊಣೆ ನಿಲ್ಲುವ ಇನ್ನೊಬ್ಬರು. ಅಣ್ಣತಮ್ಮ ಅಂತ ಒಬ್ಬರು ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ, ಆಗುವುದಿಲ್ಲ ಅಂದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿ 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿಸಿದರು. ಈ ಕೇಸು ನಿಮಗೆಲ್ಲ ಪರೀಕ್ಷೆಗೆ ಬರುತ್ತದೆ, ಗೊತ್ತು. ಆದರೆ ಓದುವಾಗ ಇದೊಂದು ಗಮನಿಸಿ. ಮ್ಯಾಜಿಸ್ಟ್ರೇಟರು ಮೋತಿ ರಾಮ್‌ಗೆ ಜಾಮೀನು ನಿರಾಕರಿಸಿರಲಿಲ್ಲ! ಬಿಡುಗಡೆಯ ಆದೇಶ ಅವನ ಕೈಯಲ್ಲಿತ್ತು. ಬಾಗಿಲು ತೆಗೆದೇ ಇತ್ತು, ಹೊಸ್ತಿಲು ಮಾತ್ರ ಆಳೆತ್ತರ.

ಇಲ್ಲಿ ಒಂದು ಅಡ್ಡ ಮಾತು ಆಡಲೇಬೇಕು. ಕನ್ನಡದಲ್ಲಿ ನಾವು 'ಜಾಮೀನು ನಿಂತ' ಅನ್ನುತ್ತೇವೆ. 'ಕೊಟ್ಟ' ಅನ್ನುವುದಕ್ಕಿಂತ 'ನಿಂತ' ಅನ್ನುವುದೇ ಜಾಸ್ತಿ. ಪದದ ಮೂಲ ಅರಬ್ಬಿ, ಅಲ್ಲಿಯೂ ಅದು ಹೊಣೆ ಹೊರುವ ಮನುಷ್ಯನ ಹೆಸರೇ. ಅಂದರೆ ಮೊದಲು ಜಾಮೀನು ಅಂದರೆ ಒಬ್ಬ ಆಳು. 'ಇವನನ್ನು ನಾನು ಬಲ್ಲೆ, ಕರೆದಾಗ ಕರೆತರುತ್ತೇನೆ' ಅಂತ ಎದುರಿಗೆ ನಿಲ್ಲುವವನು. ಬರಬರುತ್ತಾ ಆ ಆಳು ಹೋಗಿ ಅವನ ಜಮೀನಿನ ಪತ್ರ ಉಳಿಯಿತು. ಆರೋಪಿಯ ಮುಖವನ್ನೇ ನೋಡದವನು ಕಾಗದ ಹಿಡಿದು ಬಂದು ಸಹಿ ಹಾಕಿ ಹೋಗುತ್ತಾನೆ. ಅವನು ಯಾರನ್ನು ಕರೆತರುತ್ತಾನೆ? ಅದೇ ಆರೋಪಿಯ ಅಕ್ಕ ಬಂದು ನಿಂತರೆ ಆಸ್ತಿ ಇಲ್ಲ ಅಂತ ವಾಪಸ್ ಕಳಿಸುತ್ತೇವೆ. ತಮ್ಮ ಡೇಟಿಗೆ ಹೋಗದಿದ್ದರೆ ಮನೆಯಲ್ಲಿ ಊಟ ಹಾಕದೆ ಇರುವವಳು ಅವಳೇ!

ಅಮೆರಿಕದಲ್ಲಿ ಇದು ವ್ಯಾಪಾರವೇ ಆಗಿಬಿಟ್ಟಿತು. ಸಾಮಾನ್ಯವಾಗಿ ಜಾಮೀನು ಮೊತ್ತದ ನೂರಕ್ಕೆ ಹತ್ತರಷ್ಟನ್ನು ಏಜೆಂಟನಿಗೆ ಕೊಟ್ಟರೆ ಅವನು ಪೂರ್ತಿ ಮೊತ್ತಕ್ಕೆ ಹೊಣೆ ನಿಲ್ಲುತ್ತಾನೆ. ಆ ಹತ್ತು ವಾಪಸ್ ಬರುವುದಿಲ್ಲ. ಆರೋಪಿ ಪ್ರತಿ ಡೇಟಿಗೂ ತಪ್ಪದೆ ಬಂದರೂ ಅವನ ಹಣ ಹೋದದ್ದೇ. ಹಾಗಾದರೆ ಹಣದ ಆಸೆಗೆ ಕೋರ್ಟಿಗೆ ಬರುತ್ತಾನೆ ಅನ್ನುವ ಲೆಕ್ಕ ಎಲ್ಲಿ ಉಳಿಯಿತು? ಕೆಂಟಕಿ ರಾಜ್ಯ 1976ರಲ್ಲೇ ಈ ವ್ಯಾಪಾರ ನಿಷೇಧಿಸಿತು. ಇಲಿನಾಯ್ 2023ರ ಸೆಪ್ಟೆಂಬರ್‌ನಿಂದ ಹಣದ ಜಾಮೀನನ್ನೇ ಪೂರ್ತಿ ಕೈಬಿಟ್ಟಿತು.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಬೇರು ಇದ್ದೂ, ಓಡುವ ಮನಸ್ಸಿಲ್ಲದೆಯೂ ಜನ ಕೋರ್ಟಿಗೆ ಬರುವುದಿಲ್ಲವಲ್ಲ, ಅದು ಯಾಕೆ?

ಇದಕ್ಕೆ ನಾನು ಕಂಡ ಉತ್ತಮ ಪುರಾವೆ ಮತ್ತೆ ನ್ಯೂಯಾರ್ಕ್‌ನದೇ. ಇದು ಜಾಮೀನಿನ ಕೇಸುಗಳಲ್ಲ, ಸಣ್ಣಪುಟ್ಟ ತಪ್ಪುಗಳಿಗೆ ಪೊಲೀಸರು ಕೈಗೆ ಕೊಡುವ ಸಮನ್ಸ್ ಚೀಟಿ. ಅಲ್ಲಿ ನೂರಕ್ಕೆ ಸುಮಾರು 40 ಜನ ಕೋರ್ಟಿಗೆ ಬರುತ್ತಿರಲಿಲ್ಲ. ಬಾರದವರ ಮೇಲೆ ವಾರಂಟ್. ಜನ ಕಾನೂನಿಗೆ ಹೆದರುವುದಿಲ್ಲ ಅಂತ ಎಲ್ಲರೂ ತೀರ್ಮಾನಿಸಿದ್ದರು. ಕೆಲವು ಸಂಶೋಧಕರು ಆ ಚೀಟಿಯನ್ನು ಕೈಗೆ ತೆಗೆದುಕೊಂಡು ನೋಡಿದರು. ಮೇಲ್ಗಡೆ ದೂರಿನ ವಿವರ, ಪೊಲೀಸರಿಗೆ ಬೇಕಾದ ಮಾಹಿತಿ. ಯಾವಾಗ, ಎಲ್ಲಿಗೆ ಬರಬೇಕು ಅನ್ನುವುದನ್ನು ಹುಡುಕಬೇಕು. ಬಾರದಿದ್ದರೆ ವಾರಂಟ್ ಆಗುತ್ತದೆ ಅನ್ನುವ ಮಾತು ಹಿಂದುಗಡೆ. ಅವರು ಚೀಟಿಯನ್ನು ತಿದ್ದಿದರು. ದಿನಾಂಕ, ಹೊತ್ತು, ಜಾಗ ಮೇಲಕ್ಕೆ ತಂದರು. ವಾರಂಟಿನ ಎಚ್ಚರಿಕೆ ಮುಂದುಗಡೆ ಎದ್ದು ಕಾಣುವ ಹಾಗೆ ಹಾಕಿದರು. ಇಷ್ಟಕ್ಕೇ ಗೈರುಹಾಜರಿ ಮೊದಲಿದ್ದದ್ದರಲ್ಲಿ ನೂರಕ್ಕೆ 13ರಷ್ಟು ಇಳಿಯಿತು. ಆಮೇಲೆ ಮೊಬೈಲಿಗೆ ಸಂದೇಶ. ಏಳು ದಿನ ಮುಂಚೆ ಒಂದು, ಮೂರು ದಿನ ಮುಂಚೆ ಒಂದು, ಹಿಂದಿನ ದಿನ ಒಂದು. ಅದರಿಂದ ನೂರಕ್ಕೆ 21ರಷ್ಟು ಇಳಿಯಿತು. 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ನೆನಪು ಮಾಡಿದ್ದಕ್ಕೆ ಬಂದರು ಅಂದರೆ ಅವರು ಓಡಿ ಹೋದವರಲ್ಲ, ಮರೆತವರು. ಓಡಿ ಹೋಗುವವನಿಗೆ ಮೆಸೇಜ್ ಕಳಿಸಿದರೆ ಏನು ಪ್ರಯೋಜನ? 'ಥ್ಯಾಂಕ್ಸ್' ಅಂತ ಅಂದುಕೊಂಡು ಇನ್ನೂ ದೂರ ಹೋಗುತ್ತಾನೆ.

ಮರೆವು ಒಂದೇ ಅಲ್ಲ. ದಿನಗೂಲಿಯವನಿಗೆ ಒಂದು ಡೇಟ್ ಅಂದರೆ ಒಂದು ದಿನದ ಕೂಲಿ. ಬಂದರೆ ನಡೆಯುವುದೇನು? ಕೂಗುತ್ತಾರೆ, 'ಇದ್ದೇನೆ ಸ್ವಾಮಿ' ಅನ್ನುತ್ತಾನೆ, ಮುಂದಿನ ಡೇಟ್ ಕೊಡುತ್ತಾರೆ. ಹತ್ತು ಸಲ ಹೀಗಾದರೆ ಹನ್ನೊಂದನೆಯ ಸಲ ಅವನಿಗೆ ಅನ್ನಿಸುತ್ತದೆ, ಇವತ್ತೂ ಏನೂ ಆಗುವುದಿಲ್ಲ ಬಿಡು ಅಂತ. ಆವತ್ತೇ ವಾರಂಟ್ ಆಗುತ್ತದೆ. ಆಮೇಲೆ ಹೆದರಿಕೆ ಶುರು. ಹೋದರೆ ಒಳಗೆ ಹಾಕುತ್ತಾರೆ ಅಂತ ಮುಂದಿನ ಡೇಟಿಗೂ ಹೋಗುವುದಿಲ್ಲ. ಬರೀ ಬಾರದವನು ಓಡಿ ಹೋದವನಾಗುವುದು ಇಲ್ಲಿ. ನಾವೇ ಮಾಡುತ್ತೇವೆ ಅವನನ್ನು.

ಹಾಗಂತ ಎಲ್ಲರನ್ನೂ ಕಣ್ಣು ಮುಚ್ಚಿ ಬಿಡಿ ಅಂತ ನಾನು ಹೇಳುತ್ತಿಲ್ಲ. ನಿಜವಾಗಿ ಓಡುವವರು ಇದ್ದಾರೆ. ಒಬ್ಬ ಆರೋಪಿ ಮಾಯವಾದರೆ ವಿಚಾರಣೆ ನಿಲ್ಲುತ್ತದೆ. ಸಾಕ್ಷಿಗಳು ಊರು ಬಿಡುತ್ತಾರೆ, ಮರೆಯುತ್ತಾರೆ, ಸಾಯುತ್ತಾರೆ. ಪೆಟ್ಟು ತಿಂದವರು ಕಾಯುತ್ತಾ ಕೂರುತ್ತಾರೆ. ಅವರ ಮುಖ ನೋಡಿ 'ಅವನು ಮರೆತಿರಬಹುದು' ಅಂತ ಹೇಳಿ ನೋಡೋಣ. ಅದಕ್ಕೇ ಭಾರತದಲ್ಲಿ 2024ರ ಜುಲೈನಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಘೋಷಿತ ಅಪರಾಧಿ, ಅಂದರೆ ತಲೆಮರೆಸಿಕೊಂಡಿದ್ದಾನೆ ಅಂತ ಕೋರ್ಟ್ ಘೋಷಿಸಿದ ಆರೋಪಿ, ಸಿಗದಿದ್ದರೆ ಅವನಿಲ್ಲದೆಯೇ ವಿಚಾರಣೆ ನಡೆಸಲು ದಾರಿ ಮಾಡಿದ್ದಾರೆ. ಜಾಮೀನು ಪಡೆದು ಸಾಕಷ್ಟು ಕಾರಣವಿಲ್ಲದೆ ಹಾಜರಾಗದಿದ್ದರೆ ಅದೇ ಒಂದು ಅಪರಾಧ, ಒಂದು ವರ್ಷದವರೆಗೆ ಜೈಲು.

ನಾನು ಕೇಳುವುದು ಇಷ್ಟೇ. ರೋಗ ಬೇರೆ ಇದ್ದಾಗ ಔಷಧಿಯೂ ಬೇರೆ ಇರಬೇಕು ಅಲ್ವಾ? ಓಡುವವನಿಗೆ ದುಡ್ಡು ಬೇಕು, ದಾರಿ ಬೇಕು, ಆಚೆ ಕಡೆ ಅವನನ್ನು ಬರಮಾಡಿಕೊಳ್ಳುವವರು ಬೇಕು. ಅವನ ಪಾಸ್‌ಪೋರ್ಟ್ ಇಟ್ಟುಕೊಳ್ಳಿ, ವಿಮಾನ ನಿಲ್ದಾಣಕ್ಕೆ ತಿಳಿಸಿ, ಬೇಕಾದರೆ ಠಾಣೆಯಲ್ಲಿ ಸಹಿ ಹಾಕಿಸಿ. ಪಾಸ್‌ಪೋರ್ಟೇ ಇಲ್ಲದ ಕೂಲಿಯವನಿಗೆ 'ಪಾಸ್‌ಪೋರ್ಟ್ ಒಪ್ಪಿಸತಕ್ಕದ್ದು' ಅಂತ ಬರೆಯುವ ಆದೇಶಗಳನ್ನೂ ನೋಡಿದ್ದೇನೆ. ಅಚ್ಚು ಹಾಕಿದ ಷರತ್ತು ಅದು. ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕು ಅನ್ನುವುದೂ ಎಲ್ಲರಿಗೂ ಹೊಂದುವುದಿಲ್ಲ. ಆ ಸಹಿಗೆ ಹೋಗಿ ಕೆಲಸ ಕಳೆದುಕೊಂಡರೆ, ಅವನನ್ನು ಊರಿಗೆ ಕಟ್ಟಿದ್ದ ಒಂದು ಹಗ್ಗವನ್ನು ನಾವೇ ಬಿಚ್ಚಿದ ಹಾಗೆ.

ಬಿಗಿ ಮಾಡುವುದಕ್ಕೂ ಒಂದು ಮಿತಿ ಇದೆ. ಆರೋಪಿ ತಾನಿರುವ ಜಾಗವನ್ನು ಗೂಗಲ್ ಮ್ಯಾಪ್‌ನಲ್ಲಿ ಗುರುತು ಹಾಕಿ ತನಿಖಾಧಿಕಾರಿಗೆ ಸದಾ ಕಾಣುವ ಹಾಗೆ ಇಡಬೇಕು ಅಂತ ಒಂದು ಷರತ್ತು ಹಾಕಿದ್ದರು. ಫ್ರಾಂಕ್ ವೈಟಸ್ ಕೇಸು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿತು. ಜಾಮೀನು ಸಿಕ್ಕಿದ ಮನುಷ್ಯನ ಖಾಸಗಿ ಬದುಕಿನೊಳಗೆ ಪೊಲೀಸರು ಸದಾ ಇಣುಕುವ ಹಾಗಿಲ್ಲ ಅಂತ. ಘೋನ್ ಮನೆಯ ಕ್ಯಾಮೆರಾ ನೆನಪಿದೆಯಲ್ಲ? ನೋಡುತ್ತಾ ಇರುವುದೇ ಬೇರೆ, ತಡೆಯುವುದೇ ಬೇರೆ.

ಬಾರದವನಿಗೆ ಮಾಡಬೇಕಾದದ್ದು ಇನ್ನೂ ಸುಲಭ. ಮುಂದಿನ ಡೇಟ್ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಿ. ಹಿಂದಿನ ದಿನ ಒಂದು ಮೆಸೇಜ್ ಹಾಕಿ. ಅವನು ಇರಲೇಬೇಕಾದ ದಿನ ಮಾತ್ರ ಕರೆಯಿರಿ, ಉಳಿದ ದಿನ ಹಾಜರಿ ವಿನಾಯಿತಿ ಕೊಡಲು ಕಾನೂನಿನಲ್ಲೇ ಅವಕಾಶ ಇದೆ. ಬಾಂಡ್ ಕೊಡಲಾಗದೆ ಒಳಗೇ ಉಳಿದವರ ಬಗ್ಗೆಯೂ 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಹೇಳಿದೆ. ಆದೇಶ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಬಾರದಿದ್ದರೆ ಷರತ್ತು ಸಡಿಲಿಸಬಹುದೇ ಅಂತ ಕೋರ್ಟೇ ಮುಂದಾಗಿ ನೋಡಬಹುದು. ನೀವು ವಕೀಲರಾದ ಮೇಲೆ ಈ ದಿನಾಂಕ ನೆನಪಿಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತದೆ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದಳು: 'ಸರ್, ಬಿಟ್ಟವನು ಓಡಿ ಹೋದರೆ ಜಡ್ಜ್‌ಗೇ ಕೆಟ್ಟ ಹೆಸರು ಅಲ್ವಾ? ಅವರು ಯಾಕೆ ರಿಸ್ಕ್ ತಗೋತಾರೆ?'

ನಿಜ ಕಣಮ್ಮಾ. ಬಿಟ್ಟವನು ಓಡಿ ಹೋದರೆ ಆ ತಪ್ಪಿಗೆ ಹೆಸರಿದೆ, ಕೇಸ್ ನಂಬರ್ ಇದೆ, ಮಾರನೆಯ ದಿನದ ಪೇಪರಿನಲ್ಲಿ ಜಾಗ ಇದೆ. ಬಿಡದೆ ಇದ್ದವನು, ಬಿಟ್ಟಿದ್ದರೆ ಪ್ರತಿ ಡೇಟಿಗೂ ಬರುತ್ತಿದ್ದನಾ? ಅದನ್ನು ಯಾರೂ ಎಲ್ಲಿಯೂ ಬರೆದಿಡುವುದಿಲ್ಲ. ಬರೆದಿಡಲು ಆಗುವುದೂ ಇಲ್ಲ. ಒಂದು ತಪ್ಪು ಲೆಕ್ಕಕ್ಕೆ ಸಿಗುತ್ತದೆ, ಇನ್ನೊಂದು ಸಿಗುವುದೇ ಇಲ್ಲ. ನ್ಯಾಯಾಧೀಶರೂ ಮನುಷ್ಯರೇ, ಲೆಕ್ಕಕ್ಕೆ ಸಿಗುವ ತಪ್ಪಿಗೆ ಹೆದರುತ್ತಾರೆ. ಅವರ ಕೈಗೆ ನಾವು ಏನು ಕೊಡುತ್ತೇವೆ ಅನ್ನುವುದು ಅದಕ್ಕೇ ಮುಖ್ಯ.

ಲಾರಿ ಡ್ರೈವರ್‌ನ ರೀಕಾಲ್ ಅರ್ಜಿಯ ವಿಷಯ ಹೇಳುತ್ತೇನೆ ಅಂದಿದ್ದೆ. ಎರಡನೆಯ ಕೇಸಿನಲ್ಲಿ ನಾನು ಎದ್ದು ನಿಂತು ಆವತ್ತಿನ ಕಥೆ ಪೂರ್ತಿ ಹೇಳಿದೆ, ಮಹಡಿ, ಬೆಂಚು, ನನ್ನ ಮರೆವು ಎಲ್ಲ. ನ್ಯಾಯಾಧೀಶರು ಕಡತ ತಿರುವಿ ಕೇಳಿದರು, 'ನಿಮ್ಮ ಅರ್ಜಿಯಲ್ಲಿ ಮೈ ಹುಷಾರಿರಲಿಲ್ಲ ಅಂತ ಇದೆಯಲ್ಲ?' ಹೌದು. ಎಲ್ಲರೂ ಬರೆಯುವ ಸಾಲನ್ನೇ ನಾನೂ ಬರೆದಿದ್ದೆ. ನನ್ನ ತಪ್ಪು ಅಂತ ಬರೆಯಲು ನಾಚಿಕೆ. ಅವನಿಗೆ ಜಾಮೀನು ಸಿಕ್ಕಿತು, ಹನ್ನೊಂದು ದಿನ ತಡವಾಗಿ. ಆಮೇಲಿಂದ ನಾನು ಬಸ್ಸು ತಪ್ಪಿತು ಅಂದರೆ ಬಸ್ಸು ತಪ್ಪಿತು ಅಂತಲೇ ಬರೆಯುತ್ತೇನೆ.